ಹಾರ ತುರಾಯಿ ಇಲ್ಲದ ಉಪನ್ಯಾಸ ಮಾಲೆ

ನಮ್ಮ ಎಂಎಸ್ಸಿ ತರಗತಿಗಳಲ್ಲಿ ಹುಡುಗಿಯರೇ ಜಾಸ್ತಿ. ಪಿಎಚ್‌ಡಿ ಹೊತ್ತಿಗೆ ಅವರಲ್ಲಿ ಬಹಳ ಮಂದಿ ಕಾಣುವುದೇ ಇಲ್ಲ. ಅದಕ್ಕೇ ಮಹಿಳಾ ವಿಜ್ಞಾನಿಗಳನ್ನು ಕರೆಸಿ ಉಪನ್ಯಾಸ ಮಾಲೆ ಮಾಡೋಣ ಅಂತ ವಿಶ್ವವಿದ್ಯಾಲಯದಲ್ಲಿ ಮಾತಾಯಿತು. ಭೌತವಿಜ್ಞಾನ ಪಾಠ ಮಾಡುವ ನನ್ನ ತಲೆಗೆ ಹೊಣೆ ಬಿತ್ತು.

ದಿನ ಆರಿಸುವಾಗ ಫೆಬ್ರವರಿ 11ರ ವಿಜ್ಞಾನದಲ್ಲಿ ಮಹಿಳೆಯರ ಅಂತರರಾಷ್ಟ್ರೀಯ ದಿನ, ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನ, ಮಾರ್ಚ್ 8ರ ಮಹಿಳಾ ದಿನ ಈ ಮೂರನ್ನೂ ಬಿಟ್ಟೆ. ಆ ದಿನಗಳಲ್ಲಿ ಎಲ್ಲ ಕಾಲೇಜಿನವರೂ ಮಹಿಳಾ ವಿಜ್ಞಾನಿಗಳನ್ನೇ ಕರೆಯುತ್ತಾರೆ. ಹೊತ್ತು ಬೆಳಿಗ್ಗೆ 11 ಗಂಟೆ. 2023ರಿಂದ ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ನಿಜ. ಆದರೆ ಹಳ್ಳಿಗೆ ಸಂಜೆ ಬಸ್ಸು ಇರುವುದು ಒಂದೋ ಎರಡೋ. ಮೂರು ಗಂಟೆಗೆ ಭಾಷಣ ಇಟ್ಟರೆ ಹುಡುಗಿಯರ ಕಣ್ಣು ಗಡಿಯಾರದ ಮೇಲೇ ಇರುತ್ತದೆ.

ಆಮೇಲೆ ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ಅಧ್ಯಕ್ಷರ ನುಡಿ. ಇವೆಲ್ಲ ಮುಗಿದು ಅತಿಥಿಯ ಕೈಗೆ ಮೈಕ್ ಸಿಗುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿರುತ್ತದೆ. ಅದನ್ನು ಕತ್ತರಿಸಲು ಪಟ್ಟ ಪಾಡು ಬೇರೆಯೇ ಕಥೆ. ಈಗ ಸ್ವಾಗತದ ಜಾಗದಲ್ಲಿ ಐದು ನಿಮಿಷ ನಾನು ಹಿಂದಿನ ಒಬ್ಬ ಮಹಿಳಾ ವಿಜ್ಞಾನಿಯ ಕಥೆ ಹೇಳುತ್ತೇನೆ. ಒಮ್ಮೆ ಅನ್ನಾ ಮಣಿ. ಬೆಂಗಳೂರಿನಲ್ಲಿ ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯದ ಮೇಲೆ ಕೆಲಸ ಮಾಡಿದವರು. ಎಂಎಸ್ಸಿ ಇಲ್ಲ ಅಂತ ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್‌ಡಿ ಕೊಡಲಿಲ್ಲ. ಮುಂದೆ ದೇಶದ ಹವಾಮಾನ ಉಪಕರಣಗಳನ್ನು ಇಲ್ಲೇ ತಯಾರಿಸುವಂತೆ ಮಾಡಿದ್ದು ಇವರೇ. ಇನ್ನೊಮ್ಮೆ ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿ. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಅವರನ್ನು ಹೆಣ್ಣು ಅಂತಲೇ ಮೊದಲು ಬೇಡ ಅಂದಿತ್ತು. ಅವರು ಪಟ್ಟು ಬಿಡಲಿಲ್ಲ, ಸೇರಿದರು. 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌ಡಿ ಪಡೆದರು.

ಅತಿಥಿಗಳನ್ನು ಕೇಳಿಕೊಳ್ಳುವುದು ಒಂದೇ: 'ಮೇಡಂ, ನಿಮ್ಮ ಕೆಲಸದ ಬಗ್ಗೆ ಮಾತಾಡಿ.' ಮಹಿಳೆಯಾಗಿ ನಿಮ್ಮ ಅನುಭವವೇನು ಅಂತ ಅವರನ್ನು ಕೇಳಿ ಕೇಳಿ ಸುಸ್ತು ಮಾಡಿರುತ್ತಾರೆ. ಗಂಡಸು ವಿಜ್ಞಾನಿಗಳಿಗೆ ಯಾರೂ ಹಾಗೆ ಕೇಳಲ್ಲ, ಅಲ್ವಾ? ಮಗು ಇದ್ದವರಿಗೆ ಕರೆದುಕೊಂಡು ಬನ್ನಿ ಅನ್ನುತ್ತೇನೆ. ನಮ್ಮ ಸ್ಟಾಫ್ ರೂಮಿನಲ್ಲಿ ನೋಡಿಕೊಳ್ಳುವವರು ಇದ್ದಾರೆ.

ಉಳಿದ ವಿಷಯ ಚೀಟಿಯಲ್ಲಿ ಬರುತ್ತದೆ. ಕೈ ಎತ್ತಿ ಕೇಳಿ ಅಂದರೆ ಸಭೆ ಮೌನ. ಹೆಸರಿಲ್ಲದ ಚೀಟಿ ಕೊಟ್ಟರೆ ಡಬ್ಬಿ ತುಂಬುತ್ತದೆ. ಒಂದರಲ್ಲಿ ಪೆನ್ಸಿಲಿನಲ್ಲಿ, ಸಣ್ಣ ಅಕ್ಷರದಲ್ಲಿ ಬರೆದಿತ್ತು: 'ಮದುವೆಯಾಗಿ ಬೇರೆ ಊರಿಗೆ ಹೋದರೆ ಪಿಎಚ್‌ಡಿ ಅಲ್ಲಿಗೇ ಮುಗೀತಾ?' ಅತಿಥಿ ಸಮಾಧಾನ ಹೇಳಲಿಲ್ಲ, ನಿಯಮ ಹೇಳಿದರು. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ನಿಯಮದ ಪ್ರಕಾರ ಮದುವೆಯಾಗಿ ಊರು ಬದಲಾದರೆ ಸಂಶೋಧನೆಯನ್ನು ಅಲ್ಲಿನ ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಿಕೊಳ್ಳಬಹುದು. ಮುಗಿಸಲು ಎರಡು ವರ್ಷ ಹೆಚ್ಚುವರಿ ಕಾಲಾವಕಾಶ ಸಿಗುತ್ತದೆ. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆಯೂ ಇದೆ. ಸಭೆಯಲ್ಲಿ ಪೆನ್ನುಗಳು ಓಡಿದವು. ಅಲ್ಲಿಯವರೆಗೆ ಹಾಗೆ ಬರೆದುಕೊಂಡಿದ್ದನ್ನು ನಾನು ನೋಡಿರಲಿಲ್ಲ.

ಜಾಸ್ತಿ ಬಂದ ಚೀಟಿ ದುಡ್ಡಿನದು. ಸಂಶೋಧನೆ ಮಾಡುವವರಿಗೆ ಕೊಡುವ ಜೆಆರ್‌ಎಫ್ ಎಂಬ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಅಂದಾಗ ಹಿಂದಿನ ಸಾಲಿನಲ್ಲಿ ಗುಸುಗುಸು. ಮನೆಯಲ್ಲಿ ಹೇಳಲು ಇದಕ್ಕಿಂತ ಒಳ್ಳೆ ವಾದ ಬೇಕಾ?

ಪಿಎಚ್‌ಡಿಗೆ ಗೈಡ್ (ಮಾರ್ಗದರ್ಶಕರು) ಹುಡುಕುವುದು ಹೇಗೆ ಅಂತಲೂ ಸಾಕಷ್ಟು ಚೀಟಿ ಬಂದಿದ್ದವು. ಹಾಗಾಗಿ ಮುಂದಿನ ಸಲ ದೊಡ್ಡ ಹೆಸರಿನವರನ್ನು ಬಿಟ್ಟು, ನಮ್ಮಲ್ಲೇ ಎಂಎಸ್ಸಿ ಮಾಡಿ ಈಗ ಪಿಎಚ್‌ಡಿಯ ಎರಡನೇ ವರ್ಷದಲ್ಲಿರುವ ಹುಡುಗಿಯನ್ನೇ ಕರೆದೆವು. ಗೈಡ್‌ಗೆ ಬರೆದ ಮೊದಲ ಇಮೇಲ್ ಅನ್ನು ಅವಳು ಪರದೆ ಮೇಲೆ ಹಾಕಿ, ಸಾಲು ಸಾಲಾಗಿ ಓದಿ, ಉತ್ತರ ಬಾರದ ಇಮೇಲ್‌ಗಳನ್ನೂ ತೋರಿಸಿದಳು. ಆ ದಿನ ಊಟದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ.