ಫಾರ್ಮ್ಯಾಟ್ ಹೊಡೆಸುವ ಮೊದಲು ಫೈಲ್ ಹೊರಗೆ ತೆಗೆಯಿರಿ

ಮಳೆಗಾಲ ಬಂತು ಅಂದ್ರೆ ತೀರ್ಥಹಳ್ಳಿ, ಹೊಸನಗರ ಕಡೆ ಕಂಪ್ಯೂಟರ್ ಕೆಡುವುದಕ್ಕೆ ದೊಡ್ಡ ಕಾರಣವೇನೂ ಬೇಡ. ಕರೆಂಟ್ ಕ್ಷಣಕ್ಕೊಮ್ಮೆ ಹೋಗಿ ಬರುತ್ತದೆ, ಮನೆಯೊಳಗೆಲ್ಲ ಥಂಡಿ. ಹಾಗಾಗಿ ಆನ್ ಮಾಡಿದಾಗ ಬೀಪ್ ಬೀಪ್ ಅಂತ ಕೂಗಿ ಪರದೆ ಕಪ್ಪಗೇ ಉಳಿದರೆ ವಿಂಡೋಸ್ ಹಾಳಾಯ್ತು ಅಂದುಕೊಳ್ಳಬೇಡಿ. ಪ್ಲಗ್ ಕಿತ್ತು, ಮೆಮೊರಿ ಪಟ್ಟಿ ಅಂದರೆ ರ‍್ಯಾಮ್ ಹೊರಗೆ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಅನ್ನುವವರೆಗೆ ಒತ್ತಿ ಕೂರಿಸಿ. ಎಷ್ಟೋ ಸಿಸ್ಟಮ್‌ಗಳು ಇಷ್ಟಕ್ಕೇ ಸರಿಯಾಗುತ್ತವೆ. ಸಿಡಿಲು ಹೊಡೆದ ಮೇಲೆ ಲೈಟೇ ಬರುತ್ತಿಲ್ಲವಾ? ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಸುಟ್ಟಿರಬಹುದು. ಅದನ್ನು ಬಿಚ್ಚಬೇಡಿ, ಪ್ಲಗ್ ಕಿತ್ತರೂ ಒಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ. ಬದಲಾಯಿಸಿ ನೋಡಿ.

ಲೋಗೋ ಬಂದು ಅಲ್ಲೇ ನಿಂತರೆ ಅಂಗಡಿಯವರು ಫಾರ್ಮ್ಯಾಟ್ ಹೊಡೀಬೇಕು, ಅಂದರೆ ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಬೇಕು ಅಂತಾರೆ. ಹೊಡೆಯಲಿ, ಆದರೆ ಆಮೇಲೆ. ವಿಂಡೋಸ್ ಏಳದಿದ್ದರೂ ಫೈಲ್‌ಗಳು ಹೆಚ್ಚಾಗಿ ಡಿಸ್ಕ್‌ನಲ್ಲಿ ಇದ್ದಲ್ಲೇ ಇರುತ್ತವೆ.

ಮೊದಲು ಡಿಸ್ಕ್‌ಗೆ ಕಿವಿ ಕೊಡಿ. ಟಿಕ್ ಟಿಕ್ ಅಂತ ಬಡಿದುಕೊಳ್ಳುತ್ತಿದ್ದರೆ ತಕ್ಷಣ ಆಫ್ ಮಾಡಿ. ಚೆಕ್‌ಡಿಸ್ಕ್ (ಡಿಸ್ಕ್‌ನ ತಪ್ಪು ಹುಡುಕಿ ಸರಿಪಡಿಸುವ ವಿಂಡೋಸ್ ಟೂಲ್) ಓಡಿಸಲೇಬೇಡಿ, ಸಾಯುತ್ತಿರುವ ಡಿಸ್ಕ್‌ಗೆ ಅದು ಇನ್ನಷ್ಟು ಹೊರೆ. ಅದರಲ್ಲಿರುವುದು ಬೇಕೇ ಬೇಕು ಅಂದ್ರೆ ಡೇಟಾ ರಿಕವರಿ ಮಾಡುವವರಿಗೇ ಕೊಡಿ. ದುಡ್ಡು ಜಾಸ್ತಿ ಆಗುತ್ತದೆ.

ಸದ್ದಿಲ್ಲದಿದ್ದರೆ ಬೇರೆ ಕಂಪ್ಯೂಟರ್‌ನಲ್ಲಿ ವಿಂಡೋಸ್ ಥರದ್ದೇ ಉಚಿತ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಮಿಂಟ್ ಇಳಿಸಿಕೊಳ್ಳಿ. ಸುಮಾರು 3 ಜಿಬಿ ಇದೆ, ಊರಲ್ಲಿ ನೆಟ್ ಎಳೆಯದಿದ್ದರೆ ಶಿವಮೊಗ್ಗಕ್ಕೋ ಸಾಗರಕ್ಕೋ ಹೋದಾಗ ಮಾಡಿಕೊಳ್ಳಿ. ರೂಫಸ್ ಅನ್ನುವ ಉಚಿತ ಸಾಫ್ಟ್‌ವೇರ್‌ನಿಂದ ಅದನ್ನು 8 ಜಿಬಿ ಪೆನ್‌ಡ್ರೈವ್‌ಗೆ ಹಾಕಿ (ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಮಕ್ಕಳ ಫೋಟೋ ಇದೆಯಾ ನೋಡಿ). ಕೆಟ್ಟ ಕಂಪ್ಯೂಟರ್‌ಗೆ ಚುಚ್ಚಿ, ಆನ್ ಮಾಡುವಾಗ ಎಫ್12 ಒತ್ತಿ; ಕೆಲವಕ್ಕೆ ಎಫ್9 ಅಥವಾ ಎಸ್ಕೇಪ್. ಪೆನ್‌ಡ್ರೈವ್ ಆರಿಸಿದರೆ ಮಿಂಟ್ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ. ಡೆಸ್ಕ್‌ಟಾಪ್ ಮೇಲೆ ಇನ್‌ಸ್ಟಾಲ್ ಅಂತ ಒಂದು ಐಕಾನ್ ಇರುತ್ತದೆ. ಅದರ ತಂಟೆಗೆ ಹೋಗಬೇಡಿ. ವಿಂಡೋಸ್ ಡ್ರೈವ್ ತೆರೆದಾಗ ರೀಡ್ ಓನ್ಲಿ ಅಂದರೂ ಚಿಂತೆಯಿಲ್ಲ, ನಮಗೆ ಬೇಕಾಗಿರುವುದು ಕಾಪಿ ಮಾತ್ರ ಅಲ್ವಾ. ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಕೀ ಕೇಳಿದರೆ 48 ಅಂಕಿಯ ನಂಬರ್ ಬೇಕು. ಮೊಬೈಲ್‌ನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ಗೆ ಹೋಗಿ ಹುಡುಕಿ.

ಯೂಸರ್ಸ್ ಫೋಲ್ಡರ್ ಒಳಗೆ ನಿಮ್ಮ ಹೆಸರಿನದನ್ನು ಇಡಿಯಾಗಿ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಎಳೆಯಿರಿ. ಅಡಿಕೆ ಲೆಕ್ಕ ಟ್ಯಾಲಿಯಲ್ಲಿದ್ದರೆ ಅದರ ಡೇಟಾ ಫೋಲ್ಡರ್ ಬೇರೆ ಕಡೆ ಇರಬಹುದು, ಹುಡುಕಿ ತೆಗೆಯಿರಿ. ಹಳೇ ನುಡಿ, ಬರಹ ಸಾಫ್ಟ್‌ವೇರ್‌ಗಳಲ್ಲಿ ಟೈಪ್ ಮಾಡಿದ ಪತ್ರಗಳಿದ್ದರೆ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರ್ ಕೂಡ ಬೇಕು, ಇಲ್ಲದಿದ್ದರೆ ಅಕ್ಷರವೆಲ್ಲ ಗೀಚಿದ ಹಾಗೆ ಕಾಣುತ್ತದೆ. ದೊಡ್ಡ ವಿಡಿಯೋ ಹೋಗುತ್ತಿಲ್ಲ ಅಂದ್ರೆ ಕಾಪಿ ಮಾಡುತ್ತಿರುವ ಡಿಸ್ಕ್ ಫ್ಯಾಟ್32 ಅನ್ನುವ ಹಳೇ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬಹುದು. ಅದರಲ್ಲಿ 4 ಜಿಬಿ ಮೀರಿದ ಫೈಲ್ ಹಿಡಿಯುವುದಿಲ್ಲ. ಯುಪಿಎಸ್ ಇಲ್ಲದಿದ್ದರೆ ಗುಡುಗು ಸಿಡಿಲಿನ ಹೊತ್ತಲ್ಲಿ ಈ ಕೆಲಸ ಬೇಡ.

ಕಾಪಿ ಆಯ್ತು ಅಂತ ಸುಮ್ನೆ ನಂಬಬೇಡಿ. ಬೇರೆ ಲ್ಯಾಪ್‌ಟಾಪ್‌ನಲ್ಲಿ ನಾಲ್ಕಾರು ಫೈಲ್ ತೆರೆದು ನೋಡಿ. ಆಮೇಲೆ ವಿಂಡೋಸ್ ಇನ್‌ಸ್ಟಾಲ್ ಶುರು ಮಾಡುವಾಗ ಎಕ್ಸ್‌ಟರ್ನಲ್ ಡಿಸ್ಕ್ ಕಿತ್ತಿಡಿ, ಯಾಕಂದ್ರೆ ವಿಂಡೋಸ್ ಸೆಟಪ್‌ನ ಪಟ್ಟಿಯಲ್ಲಿ ಡಿಸ್ಕ್‌ಗಳೆಲ್ಲ ಬರೀ ನಂಬರ್‌ಗಳಾಗಿ ಕಾಣುತ್ತವೆ, ಒಂದನ್ನು ಇನ್ನೊಂದು ಅಂದುಕೊಂಡು ಅಳಿಸುವುದು ತುಂಬ ಸುಲಭ.