ಓದಿದ್ದನ್ನೇ ಮತ್ತೆ ಓದಬೇಕಾ? ಪಿಯು ಓದಿಗೆ ಹೊರದೇಶದಲ್ಲಿ ಕ್ರೆಡಿಟ್ ಕೇಳುವುದು ಹೀಗೆ

ಮೈಸೂರು, ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎರಡನೇ ವರ್ಷ ಶುರುವಾದಾಗ ತರಗತಿಯಲ್ಲಿ ಕೆಲವು ಹೊಸ ಮುಖಗಳು ಕಾಣಿಸುತ್ತವೆ. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು ನೇರವಾಗಿ ಮೂರನೇ ಸೆಮಿಸ್ಟರ್‌ಗೆ ಬಂದವರು ಇವರು. ಮೊದಲೇ ಓದಿದ್ದಕ್ಕೆ ಬೆಲೆ ಸಿಕ್ಕಿದೆ, ಒಂದು ವರ್ಷ ಉಳಿದಿದೆ. ಹೊರದೇಶದ ಅನೇಕ ವಿಶ್ವವಿದ್ಯಾಲಯಗಳು ಹನ್ನೆರಡನೇ ತರಗತಿ ಮಟ್ಟದ ಓದಿಗೂ ಹೀಗೆ ಬೆಲೆ ಕೊಡುತ್ತವೆ. ಡಿಗ್ರಿ ಮುಗಿಸಲು ಗಳಿಸಬೇಕಾದ ಓದಿನ ಲೆಕ್ಕಕ್ಕೆ ಅಲ್ಲಿ ಕ್ರೆಡಿಟ್ ಎನ್ನುತ್ತಾರೆ, ಮೊದಲೇ ಓದಿದ್ದನ್ನು ಆ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೆ. ಎಲ್ಲ ಓದಿಗೂ ಅಲ್ಲ, ಎಲ್ಲ ಕಡೆಯೂ ಅಲ್ಲ. ಆದರೆ ಕೇಳುವುದೇ ಗೊತ್ತಿಲ್ಲದೆ ನಮ್ಮ ಮಕ್ಕಳು ಪಿಯುನಲ್ಲಿ ಅರೆದು ಕುಡಿದ ಕ್ಯಾಲ್ಕುಲಸ್ಸನ್ನೇ ಅಲ್ಲಿ ಮತ್ತೆ ಓದುತ್ತಾರೆ. ಅಪ್ಪ ಅಮ್ಮ ಅದಕ್ಕೆ ಡಾಲರ್ ಲೆಕ್ಕದಲ್ಲಿ ಫೀಸು ಕಟ್ಟುತ್ತಾರೆ. ಈ ನಷ್ಟ ತಪ್ಪಿಸಬಹುದು.

ಮೊದಲು, ಕೈಯಲ್ಲಿರುವುದು ಯಾವ ಸರ್ಟಿಫಿಕೇಟ್ ನೋಡಿ

ಹನ್ನೆರಡನೇ ತರಗತಿ ಮಟ್ಟದ ಅಂತರರಾಷ್ಟ್ರೀಯ ಕೋರ್ಸ್‌ಗಳಾದ ಕೇಂಬ್ರಿಡ್ಜ್ ಎ ಲೆವೆಲ್ ಅಥವಾ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್) ಓದಿದವರಿಗೆ ದಾರಿ ಸುಲಭ. ಅಮೆರಿಕ, ಕೆನಡಾದ ಬಹುಪಾಲು ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಇವುಗಳಿಗೆ ಸಿದ್ಧ ಪಟ್ಟಿಯೇ ಇರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಉದಾಹರಣೆ ನೋಡಿ. ಅಲ್ಲಿ ಎ ಲೆವೆಲ್‌ನ ಒಂದು ವಿಷಯದಲ್ಲಿ ಸಿ ಅಥವಾ ಅದಕ್ಕಿಂತ ಒಳ್ಳೆಯ ಗ್ರೇಡ್ ಇದ್ದರೆ 8 ಸೆಮಿಸ್ಟರ್ ಯೂನಿಟ್ (ಅಂದರೆ ಕ್ರೆಡಿಟ್) ಸಿಗುತ್ತದೆ. ಐಬಿಯಲ್ಲಿ ಪ್ರತಿ ವಿಷಯಕ್ಕೆ ಗರಿಷ್ಠ 7 ಅಂಕ, ಎಲ್ಲ ಸೇರಿ ಗರಿಷ್ಠ 45. ಐಬಿ ಡಿಪ್ಲೊಮಾ ಪೂರ್ತಿ ಮುಗಿಸಿ 30 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದವರಿಗೆ ಅಲ್ಲಿ 20 ಸೆಮಿಸ್ಟರ್ ಯೂನಿಟ್. ಅಮೆರಿಕದಲ್ಲಿ ಒಂದು ಡಿಗ್ರಿಗೆ ಸಾಮಾನ್ಯವಾಗಿ 120 ಕ್ರೆಡಿಟ್, ಸೆಮಿಸ್ಟರ್‌ಗೆ ಸುಮಾರು 15. ಅಂದರೆ 20 ಯೂನಿಟ್ ಎಂದರೆ ಒಂದು ಸೆಮಿಸ್ಟರ್‌ಗಿಂತ ಜಾಸ್ತಿ! ಫ್ರಾನ್ಸಿನ ಬಾಕಲೋರಿಯಾ, ಜರ್ಮನಿಯ ಆಬಿಟೂರ್ ಪಾಸಾದವರಿಗೂ ಹಲವು ಕಡೆ ಇಂಥ ಲಾಭ ಇದೆ.

ನಮ್ಮ ಪಿಯು, ಸಿಬಿಎಸ್‌ಇ, ಐಎಸ್‌ಸಿ ಕಥೆ ಬೇರೆ. ಪ್ರವೇಶಕ್ಕೆ ಇವನ್ನು ಹೆಚ್ಚಿನ ಕಡೆ ಒಪ್ಪುತ್ತಾರೆ. ಆದರೆ ಕ್ರೆಡಿಟ್ ಪಟ್ಟಿಯಲ್ಲಿ ಹುಡುಕಿದರೆ ಎಷ್ಟೋ ಕಡೆ ಇವುಗಳ ಹೆಸರೇ ಇರುವುದಿಲ್ಲ. ಅಲ್ಲಿನವರ ಲೆಕ್ಕದಲ್ಲಿ ಎ ಲೆವೆಲ್ ಮತ್ತು ಐಬಿಯ ಹೈಯರ್ ಲೆವೆಲ್ ವಿಷಯಗಳು ಕಾಲೇಜಿನ ಮೊದಲ ವರ್ಷದ ಮಟ್ಟದವು, ಉಳಿದ ಹನ್ನೆರಡನೇ ತರಗತಿ ಅಂದರೆ ಶಾಲೆ ಮುಗಿಸಿದ್ದಷ್ಟೆ. ನಮ್ಮ ಸೆಕೆಂಡ್ ಪಿಯು ಗಣಿತ ಪುಸ್ತಕ ತೆರೆದು ನೋಡಿದವರು ಈ ಮಾತನ್ನು ಒಪ್ಪುವುದು ಕಷ್ಟ. ಆದರೆ ಬೇಜಾರು ಮಾಡಿಕೊಂಡರೆ ಕೆಲಸ ಆಗುವುದಿಲ್ಲ, ಸಾಕ್ಷಿ ಕೊಡಬೇಕು.

ಪಟ್ಟಿಯನ್ನು ಅಕ್ಷರ ಬಿಡದೆ ಓದಿ

ಸೇರಬೇಕೆಂದಿರುವ ವಿಶ್ವವಿದ್ಯಾಲಯದ ಕ್ರೆಡಿಟ್ ಪುಟ ತೆರೆದಾಗ ಮೂರು ಸಂಗತಿ ಗಮನಿಸಿ. ಕ್ರೆಡಿಟ್ ಕೊಟ್ಟರೆ ಅದು ಡಿಗ್ರಿಯ ಒಟ್ಟು ಲೆಕ್ಕಕ್ಕೆ ಸೇರುತ್ತದೆ. ಪ್ಲೇಸ್‌ಮೆಂಟ್ ಎಂದಿದ್ದರೆ ಮೊದಲ ಕೋರ್ಸ್ ಬಿಟ್ಟು ಮುಂದಿನದಕ್ಕೆ ಕೂರಬಹುದು, ಆದರೆ ಒಟ್ಟು ಲೆಕ್ಕ ಒಂದಿಷ್ಟೂ ಇಳಿಯುವುದಿಲ್ಲ. ಮೂರನೆಯದು ಎಲೆಕ್ಟಿವ್ ಕ್ರೆಡಿಟ್. ಇದು ಒಟ್ಟು ಲೆಕ್ಕಕ್ಕೆ ಸೇರಿದರೂ ಮುಖ್ಯ ವಿಷಯದ ಯಾವ ಕೋರ್ಸನ್ನೂ ತಪ್ಪಿಸುವುದಿಲ್ಲ. ಮನೆಯವರು ಕ್ರೆಡಿಟ್ ಸಿಕ್ಕಿತು ಎಂದು ಖುಷಿಪಟ್ಟು ಆಮೇಲೆ ನಿರಾಸೆಯಾಗುವುದು ಹೆಚ್ಚಾಗಿ ಇಲ್ಲೇ.

ನಿಯಮ ಊರಿಂದ ಊರಿಗೆ ಬದಲಾಗುತ್ತದೆ. ಕೆನಡಾದ ಮೆಕ್‌ಗಿಲ್‌ನಲ್ಲಿ ಎ ಲೆವೆಲ್, ಐಬಿ ಅಥವಾ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಎಂಬ ಅಮೆರಿಕದ ಪರೀಕ್ಷೆ, ವಿವರ ಮುಂದಿದೆ) ಇದ್ದವರಿಗೆ 30 ಕ್ರೆಡಿಟ್‌ವರೆಗೆ ರಿಯಾಯಿತಿ ಸಿಗಬಹುದು. ಅಷ್ಟೂ ಸಿಕ್ಕರೆ ಒಂದು ವರ್ಷವೇ ಉಳಿಯಿತು. ಸ್ಕಾಟ್ಲೆಂಡಿನ ಡಿಗ್ರಿ ನಾಲ್ಕು ವರ್ಷದ್ದು, ಒಳ್ಳೆಯ ಎ ಲೆವೆಲ್ ಇದ್ದವರನ್ನು ಕೆಲವು ಕೋರ್ಸ್‌ಗಳಲ್ಲಿ ನೇರವಾಗಿ ಎರಡನೇ ವರ್ಷಕ್ಕೆ ತೆಗೆದುಕೊಳ್ಳುತ್ತಾರೆ. ಇನ್ನೊಂದು ಕಡೆ ಅಮೆರಿಕದ ಕ್ಯಾಲ್‌ಟೆಕ್ ಎಪಿಗೂ ಕ್ರೆಡಿಟ್ ಕೊಡುವುದಿಲ್ಲ, ತನ್ನದೇ ಪರೀಕ್ಷೆ ಕೊಟ್ಟು ನೋಡುತ್ತದೆ. ಆದ್ದರಿಂದ ಪಕ್ಕದ ಮನೆಯ ಹುಡುಗನಿಗೆ ಸಿಕ್ಕಿತು ಎಂಬ ಮಾತನ್ನು ನಂಬಿ ಲೆಕ್ಕ ಹಾಕಬೇಡಿ.

ಸಿಲಬಸ್ ಫೈಲ್: ಪಿಯು ಮಕ್ಕಳ ದೊಡ್ಡ ಅಸ್ತ್ರ

ಪಟ್ಟಿಯಲ್ಲಿ ನಿಮ್ಮ ಬೋರ್ಡ್ ಇಲ್ಲದಿದ್ದರೆ ಹಲವು ವಿಶ್ವವಿದ್ಯಾಲಯಗಳು ಬಿಡಿಬಿಡಿ ಅರ್ಜಿ ನೋಡುತ್ತವೆ. ಅದನ್ನು ತೀರ್ಮಾನಿಸುವುದು ಆಯಾ ವಿಭಾಗದ ಮೇಷ್ಟ್ರು. ಅವರಿಗೆ ನಿಮ್ಮ 98 ಅಂಕಕ್ಕಿಂತ ನೀವು ಏನೇನು ಓದಿದ್ದೀರಿ ಎನ್ನುವುದು ಮುಖ್ಯ. ಮಾರ್ಕ್ಸ್ ಕಾರ್ಡ್ ನೋಡಿ ಅದು ತಿಳಿಯುವುದಿಲ್ಲ.

ಹೀಗೆ ಮಾಡಿ. ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆಯಿರಿ. ಎಡಗಡೆ ಆ ವಿಶ್ವವಿದ್ಯಾಲಯದ ಕೋರ್ಸ್ ವಿವರಣೆಯಲ್ಲಿರುವ ಒಂದೊಂದೇ ವಿಷಯ ಬರೆಯಿರಿ. ಬಲಗಡೆ ನಿಮ್ಮ ಪುಸ್ತಕದ ಅಧ್ಯಾಯ ಮತ್ತು ಪುಟ. ಪಿಯು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯವೇ ಇರುವುದು ಇಲ್ಲಿ ತುಂಬಾ ಅನುಕೂಲ, ಏಕೆಂದರೆ ಪುಸ್ತಕ ಇಂಗ್ಲಿಷ್‌ನಲ್ಲಿ ಆನ್‌ಲೈನ್‌ನಲ್ಲೇ ಸಿಗುತ್ತದೆ, ಯಾರು ಬೇಕಾದರೂ ತೆರೆದು ನೋಡಬಹುದು. ಹನ್ನೆರಡನೇ ತರಗತಿ ಗಣಿತದಲ್ಲಿ 5ರಿಂದ 9ನೇ ಅಧ್ಯಾಯದವರೆಗೆ ಪೂರ್ತಿ ಕ್ಯಾಲ್ಕುಲಸ್: ನಿರಂತರತೆ ಮತ್ತು ಅವಕಲನ, ಅವಕಲನದ ಅನ್ವಯ, ಅನುಕಲನ, ಅದರ ಅನ್ವಯ, ಅವಕಲ ಸಮೀಕರಣ. ಅಲ್ಲಿನ ಮೊದಲ ಸೆಮಿಸ್ಟರ್ ಕ್ಯಾಲ್ಕುಲಸ್‌ನ ಹೆಚ್ಚಿನ ಭಾಗ ಇದರಲ್ಲೇ ಬಂತು. ಲಿಮಿಟ್ಸ್ ಪಾಠ ಫಸ್ಟ್ ಪಿಯುನಲ್ಲಿದೆ, ಅದನ್ನೂ ಸೇರಿಸಿ. ಅನಂತ ಶ್ರೇಣಿ ನಮ್ಮಲ್ಲಿ ಇಲ್ಲ. ಹಾಗಾಗಿ ಎರಡನೇ ಸೆಮಿಸ್ಟರ್ ಕ್ಯಾಲ್ಕುಲಸ್‌ಗೂ ಕ್ರೆಡಿಟ್ ಕೇಳಿ ಇಡೀ ಅರ್ಜಿಯನ್ನು ಕೆಡಿಸಿಕೊಳ್ಳಬೇಡಿ.

ಫಸ್ಟ್ ಪಿಯು ಅಂಕಪಟ್ಟಿಯನ್ನು ಕಾಲೇಜೇ ಕೊಡುತ್ತದೆ. ಟಿಸಿ ತೆಗೆದುಕೊಳ್ಳುವ ದಿನವೇ ಪ್ರಾಂಶುಪಾಲರ ಸಹಿ, ಸೀಲು ಹಾಕಿಸಿ ನಾಲ್ಕಾರು ಪ್ರತಿ ಇಟ್ಟುಕೊಳ್ಳಿ. ಫಿಸಿಕ್ಸ್, ಕೆಮಿಸ್ಟ್ರಿ ಪ್ರಾಕ್ಟಿಕಲ್ ರೆಕಾರ್ಡ್‌ಗಳನ್ನು ಗುಜರಿಗೆ ಹಾಕಬೇಡಿ. ವಿಜ್ಞಾನದ ಕೋರ್ಸ್‌ಗೆ ಕ್ರೆಡಿಟ್ ಕೇಳಿದಾಗ ಲ್ಯಾಬ್ ಮಾಡಿದ್ದೀರಾ ಎಂಬ ಪ್ರಶ್ನೆ ಬರುತ್ತದೆ. ಶಿಕ್ಷಕರ ಸಹಿ, ತಾರೀಕು ಇರುವ ಆ ಪುಸ್ತಕಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಇನ್ನೊಂದು ಮಾತು, ಇದನ್ನು ಖುಷಿಯಿಂದ ಹೇಳುತ್ತೇನೆ. ಅಮೆರಿಕದ ಹಲವು ಡಿಗ್ರಿಗಳಿಗೆ ಇಂಗ್ಲಿಷ್ ಅಲ್ಲದ ಒಂದು ಭಾಷೆ ಕಲಿಯಬೇಕೆಂಬ ನಿಯಮ ಇದೆ. ಶಾಲೆಯಲ್ಲಿ ಬೇರೆ ಭಾಷೆ ಓದಿದ ದಾಖಲೆ ತೋರಿಸಿದರೆ ಅದನ್ನು ಮನ್ನಾ ಮಾಡುವ ವಿಶ್ವವಿದ್ಯಾಲಯಗಳು ಇವೆ. ಎಸ್ಸೆಸ್ಸೆಲ್ಸಿ, ಪಿಯು ಎರಡರಲ್ಲೂ ಕನ್ನಡ ಓದಿದ್ದರೆ ಆ ಅಂಕಪಟ್ಟಿ ಮುಂದಿಟ್ಟು ಕೇಳಿ. ಕನ್ನಡ ತೆಗೆದುಕೊಂಡು ಏನು ಪ್ರಯೋಜನ ಎನ್ನುವವರಿಗೆ ಇದನ್ನೂ ತಿಳಿಸಿ.

ಅರ್ಜಿ ಬೇಡ ಎನಿಸಿದರೆ ಎಪಿ

ಅಮೆರಿಕದ ಕಾಲೇಜ್ ಬೋರ್ಡ್ ನಡೆಸುವ ಎಪಿ ಪರೀಕ್ಷೆಯನ್ನು ಒಂದೊಂದೇ ವಿಷಯಕ್ಕೆ ಬರೆಯಬಹುದು, ಬೋರ್ಡ್ ಬದಲಿಸಬೇಕಿಲ್ಲ. ಅಂಕ 1ರಿಂದ 5. 3 ಬಂದರೆ ಕೆಲವು ಕಡೆ, 4 ಅಥವಾ 5 ಬಂದರೆ ಹೆಚ್ಚಿನ ಕಡೆ ಲಾಭ. ಪಿಯು ಗಣಿತ ಚೆನ್ನಾಗಿ ಓದಿದವರಿಗೆ ಕ್ಯಾಲ್ಕುಲಸ್ ಎಬಿ ಕೈಗೆಟುಕುವ ವಿಷಯ. ಆದರೆ ಕೆಲವು ಭಾಗಗಳಲ್ಲಿ ಗ್ರಾಫಿಂಗ್ ಕ್ಯಾಲ್ಕುಲೇಟರ್ ಬಳಸಲೇಬೇಕು. ನಮ್ಮ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಲ್ಕುಲೇಟರ್ ಮುಟ್ಟಿಯೇ ಗೊತ್ತಿಲ್ಲದ ಮಕ್ಕಳು ಮೊದಲು ಅದನ್ನು ರೂಢಿ ಮಾಡಿಕೊಳ್ಳಬೇಕು.

ತಾರೀಕಿನ ತಲೆನೋವು ಬೇರೆ ಇದೆ. ಎಪಿ ನಡೆಯುವುದು ಮೇ ಮೊದಲ ಎರಡು ವಾರಗಳಲ್ಲಿ. ನೀಟ್ ಕೂಡ ಸಾಮಾನ್ಯವಾಗಿ ಮೇ ಮೊದಲ ಭಾನುವಾರ. ಅದರ ಹಿಂದೆಮುಂದೆಯೇ ಕೆಸಿಇಟಿ, ಜೆಇಇ. ಎಲ್ಲವನ್ನೂ ಒಂದೇ ಬೇಸಿಗೆಗೆ ತುರುಕಿದರೆ ಮಗು ಯಾವುದರಲ್ಲೂ ಚೆನ್ನಾಗಿ ಮಾಡುವುದಿಲ್ಲ. ಹೊರಗೆ ಹೋಗುವುದು ಗಟ್ಟಿ ಇದ್ದರೆ ಮಾತ್ರ ಎಪಿ ಬರೆಸಿ. ನೋಂದಣಿ ಹಿಂದಿನ ವರ್ಷವೇ ಆಗಬೇಕು, ದಸರಾ ರಜೆಯ ಹೊತ್ತಿಗೆ ವಿಚಾರಿಸಲು ಶುರು ಮಾಡಿ.

ಬರೆದು ಕೇಳಿ, ಬರೆದ ಉತ್ತರವನ್ನೇ ನಂಬಿ

ಸೀಟು ಸಿಕ್ಕಿದ ಮೇಲೆ, ಡೆಪಾಸಿಟ್ ಕಟ್ಟುವ ಮುಂಚೆ ಇಮೇಲ್ ಮಾಡಿ. ಯಾವ ಪರೀಕ್ಷೆ, ಯಾವ ವರ್ಷ, ಯಾವ ಗ್ರೇಡ್, ಅವರ ಯಾವ ಕೋರ್ಸ್‌ಗೆ ಸಮ ಎಂದು ಕೇಳುತ್ತಿದ್ದೀರಿ, ಇಷ್ಟು ಸಾಕು. ಫೋನಿನಲ್ಲಿ ಏಜೆಂಟ್ ಹೇಳಿದ್ದು ಲೆಕ್ಕಕ್ಕಿಲ್ಲ. ಎ ಲೆವೆಲ್, ಐಬಿ, ಎಪಿ ಅಂಕಗಳನ್ನು ಸಾಮಾನ್ಯವಾಗಿ ಆ ಸಂಸ್ಥೆಗಳೇ ನೇರವಾಗಿ ವಿಶ್ವವಿದ್ಯಾಲಯಕ್ಕೆ ಕಳಿಸಬೇಕು, ಜೆರಾಕ್ಸ್ ನಡೆಯುವುದಿಲ್ಲ.

ಹೆಸರಿನ ವಿಷಯದಲ್ಲಿ ಹುಷಾರು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಎಪಿ ಖಾತೆಯಲ್ಲಿ ಊರ ಹೆಸರೂ ಸೇರಿ ಇನ್ನೊಂದು ರೂಪ. ಹೀಗಾದರೆ ಅಂಕ ಬಂದರೂ ಯಾರದೆಂದು ಗೊತ್ತಾಗದೆ ಬಿದ್ದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಎಲ್ಲ ಕಡೆ ತುಂಬಿ.

ಸಿಕ್ಕಿದ್ದನ್ನೆಲ್ಲ ತೆಗೆದುಕೊಳ್ಳಬೇಕಾ? ನನ್ನ ಪ್ರಕಾರ ಬೇಡ. ಅಡಿಪಾಯ ಗಟ್ಟಿ ಇಲ್ಲದ ವಿಷಯದಲ್ಲಿ ಮೊದಲ ಕೋರ್ಸ್ ಬಿಟ್ಟರೆ ಎರಡನೆಯದರಲ್ಲಿ ಒದ್ದಾಟ. ವೈದ್ಯಕೀಯಕ್ಕೆ ಹೋಗುವ ಆಸೆ ಇದ್ದವರು ಇನ್ನೂ ಹುಷಾರಾಗಿರಬೇಕು, ಅಮೆರಿಕದ ಹಲವು ಮೆಡಿಕಲ್ ಕಾಲೇಜುಗಳು ವಿಜ್ಞಾನದ ಕೋರ್ಸ್‌ಗಳನ್ನು ಕಾಲೇಜಿನಲ್ಲೇ ಓದಿರಬೇಕು ಎನ್ನುತ್ತವೆ. ಫೀಸು ಸೆಮಿಸ್ಟರ್‌ಗೆ ಇಷ್ಟು ಎಂದು ನಿಗದಿಯಾಗಿರುವ ಕಡೆ ನಾಲ್ಕು ಕ್ರೆಡಿಟ್ ಉಳಿದರೆ ದುಡ್ಡು ಉಳಿಯುವುದಿಲ್ಲ, ಇಡೀ ಸೆಮಿಸ್ಟರ್ ಉಳಿದರೆ ಮಾತ್ರ ಉಳಿತಾಯ. ಎಫ್-1 ವೀಸಾದವರು, ಅಂದರೆ ಅಮೆರಿಕದ ವಿದ್ಯಾರ್ಥಿ ವೀಸಾದಲ್ಲಿ ಹೋದವರು, ಕ್ರೆಡಿಟ್ ಸಿಕ್ಕಿದ್ದರೂ ಪ್ರತಿ ಸೆಮಿಸ್ಟರ್ ಸಾಮಾನ್ಯವಾಗಿ ಕನಿಷ್ಠ 12 ಕ್ರೆಡಿಟ್ ಓದುತ್ತಲೇ ಇರಬೇಕು.

ಹೊರಗಿಂದ ಮೈಸೂರಿಗೆ ಬರುವವರಿಗೆ

ದುಬೈಯಿಂದಲೋ ಅಮೆರಿಕದಿಂದಲೋ ಊರಿಗೆ ಮರಳಿ ಮಕ್ಕಳನ್ನು ಇಲ್ಲೇ ಡಿಗ್ರಿಗೆ ಸೇರಿಸುವ ಕುಟುಂಬಗಳು ಉಲ್ಟಾ ದಾರಿ ಹಿಡಿಯಬೇಕು. ಇಲ್ಲಿ ಎ ಲೆವೆಲ್ ಅಥವಾ ಎಪಿ ಇದೆ ಎಂದು ಸಾಮಾನ್ಯವಾಗಿ ಮೊದಲ ವರ್ಷ ಬಿಡಿಸುವುದಿಲ್ಲ. ಆ ಸರ್ಟಿಫಿಕೇಟ್ ನಮ್ಮ ಪಿಯುಗೆ ಸಮ ಎಂದು ಒಪ್ಪಿಸುವುದೇ ಕೆಲಸ. ಇಷ್ಟು ವರ್ಷ ಇದಕ್ಕೆ ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟದ ಪತ್ರ ಬೇಕಿತ್ತು. 2025ರ ಏಪ್ರಿಲ್‌ನಲ್ಲಿ ಯುಜಿಸಿ ಹೊಸ ನಿಯಮ ತಂದಿದೆ, ವಿದೇಶಿ ಶಾಲಾ ಸರ್ಟಿಫಿಕೇಟ್‌ಗಳೂ ಅದರಡಿ ಬರುತ್ತವೆ. ಕನಿಷ್ಠ 12 ವರ್ಷ ಶಾಲೆ ಓದಿರಬೇಕು. ಮೈಸೂರು ವಿಶ್ವವಿದ್ಯಾಲಯವೇ ಇರಲಿ, ಖಾಸಗಿ ಕಾಲೇಜೇ ಇರಲಿ, ಸಮಾನತೆ ಪತ್ರ ಯಾರಿಂದ ಬೇಕು ಎಂದು ಪ್ರವೇಶ ವಿಭಾಗದಲ್ಲಿ ಮೊದಲೇ ಬರೆಸಿಕೊಳ್ಳಿ.

ಎಂಜಿನಿಯರಿಂಗ್, ಮೆಡಿಕಲ್ ಕನಸಿದ್ದರೆ ಹನ್ನೊಂದನೇ ತರಗತಿಯಲ್ಲೇ ವಿಷಯಗಳನ್ನು ನೋಡಿಕೊಳ್ಳಿ. ಎ ಲೆವೆಲ್‌ನಲ್ಲಿ ಮೂರೇ ವಿಷಯ ಓದಿದರೂ ನಡೆಯುತ್ತದೆ, ಆ ಮೂರರಲ್ಲಿ ಕೆಮಿಸ್ಟ್ರಿ ಬಿಟ್ಟು ಎಕನಾಮಿಕ್ಸ್ ತೆಗೆದುಕೊಂಡ ಮಗುವಿಗೆ ಆಮೇಲೆ ನೀಟ್ ಬರೆಯುವ ದಾರಿ ಕಷ್ಟವಾಗುತ್ತದೆ. ಇಂಗ್ಲಿಷ್ ಕೂಡ ಅಂಕಪಟ್ಟಿಯಲ್ಲಿ ಕಾಣಿಸುವಂತಿರಬೇಕು. ವಿಮಾನ ಹತ್ತುವ ಮುಂಚೆಯೇ ಶಾಲೆಯಿಂದ 9ರಿಂದ 12ರವರೆಗಿನ ಅಂಕಪಟ್ಟಿ, ವಿಷಯವಾರು ಸಿಲಬಸ್, ಬೋರ್ಡಿನ ಮೂಲ ಸರ್ಟಿಫಿಕೇಟ್ ಕೈಯಲ್ಲಿರಲಿ. ಇಲ್ಲಿಗೆ ಬಂದ ಮೇಲೆ ಅಲ್ಲಿಂದ ತರಿಸಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು, ಅಷ್ಟರಲ್ಲಿ ಪ್ರವೇಶದ ಕೊನೆಯ ದಿನ ದಾಟಿರುತ್ತದೆ.