ಮಷೀನ್ ಬಾಡಿಗೆ ಬಾಕಿ: ಕಾಂಟ್ರಾಕ್ಟರ್ ಹತ್ರ ನಾನು ದುಡ್ಡು ವಸೂಲಿ ಮಾಡಿದ್ದು ಹೇಗೆ

ಹಿರಿಯೂರು ಕಡೆ ನನ್ನದು ಎರಡು ಜೆಸಿಬಿ, ಒಂದು ಹಿಟಾಚಿ, ಒಂದು ರೋಲರ್ ಬಾಡಿಗೆಗೆ ಓಡ್ತವೆ. ಪಾರ್ಟಿ ಅಂದ್ರೆ ಹೆಚ್ಚಾಗಿ ಪಿಡಬ್ಲ್ಯೂಡಿ, ಪಂಚಾಯತ್ ರಾಜ್, ಸಣ್ಣ ನೀರಾವರಿ ಕೆಲಸ ಹಿಡಿಯೋ ಲೈಸೆನ್ಸ್ ಇರೋ ಕಾಂಟ್ರಾಕ್ಟರ್‌ಗಳು. ಬಾಡಿಗೆ ಬಾಕಿ ನಿಂತ್ರೆ ಏನ್ ಮಾಡ್ಬೇಕು ಅಂತ ನಮ್ಮ ಲೈನಲ್ಲಿರೋ ಹುಡುಗ್ರು ಆಗಾಗ ಕೇಳ್ತಾರೆ, ಫೋನಲ್ಲಿ ಅರ್ಧಂಬರ್ಧ ಹೇಳೋದಕ್ಕಿಂತ ಒಂದ್ಸಲ ಪೂರ್ತಿ ಬರೆದುಬಿಡೋಣ ಅನ್ನಿಸ್ತು.

ಹೊರಗಿನವರಿಗೆ ಈ ಕಷ್ಟ ಗೊತ್ತಾಗಲ್ಲ. ಮಷೀನ್ ಲೋನ್ ಇಎಂಐ ನಿಲ್ಲಲ್ಲ, ಆಪರೇಟರ್ ಸಂಬಳ, ಬ್ಯಾಟಾ ನಿಲ್ಲಲ್ಲ, ಅದರ ಮೇಲೆ ಬಿಲ್ ಹಾಕಿದ ಮೇಲೆ ಪಾರ್ಟಿ ದುಡ್ಡು ಕೊಡ್ಲಿ ಬಿಡ್ಲಿ ಮುಂದಿನ ತಿಂಗಳು 20ನೇ ತಾರೀಕಿಗೆ ಶೇ 18 ಜಿಎಸ್‌ಟಿ ನಾವೇ ಕೈಯಿಂದ ಕಟ್ಬೇಕು. ದುಡ್ಡು ಮುಳುಗೋಯ್ತು ಅಂತ ಆ ತೆರಿಗೆ ವಾಪಸ್ ಕೇಳೋಕೂ ದಾರಿ ಇಲ್ಲ. ಅಂದ್ರೆ ಬಾಕಿ ಇಟ್ಟವನು ನಮ್ಮ ಬಾಡಿಗೆ ಮಾತ್ರ ಅಲ್ಲ, ನಾವು ಸರ್ಕಾರಕ್ಕೆ ಕಟ್ಟಿದ ದುಡ್ಡನ್ನೂ ಇಟ್ಕೊಂಡು ಕೂತಿರ್ತಾನೆ.

2023ರ ಬೇಸಿಗೆಯಲ್ಲಿ ಒಬ್ಬ ಕ್ಲಾಸ್ 1 ಕಾಂಟ್ರಾಕ್ಟರ್ ರಸ್ತೆ ಅಗಲೀಕರಣಕ್ಕೆ ಹಿಟಾಚಿ ಮತ್ತು ರೋಲರ್ ತಗೊಂಡ್ರು. ಗಂಟೆ ಲೆಕ್ಕ, ಡೀಸೆಲ್ ಅವರದು, ಆಪರೇಟರ್ ನಮ್ಮವನು. ಮಳೆಗಾಲ ಶುರುವಾಗೋವರೆಗೂ ಮಷೀನ್ ಓಡ್ತು, ಮೊದಲು ಅಡ್ವಾನ್ಸ್ ಅಂತ ಸ್ವಲ್ಪ ಬಂತು, ಕೊನೆಗೆ ಜಿಎಸ್‌ಟಿ ಸೇರಿ ಆರೂಮುಕ್ಕಾಲು ಲಕ್ಷದ ಹತ್ರ ಬಾಕಿ ನಿಂತು. ಕೇಳಿದ್ರೆ ಒಂದೇ ಮಾತು, "ಏನ್ರೀ, ನಂಗೇ ಬಿಲ್ ಆಗಿಲ್ಲ, ನಾನೆಲ್ಲಿಂದ ತರ್ಲಿ?"

ಈ ಮಾತು ಎಷ್ಟೋ ಸಲ ನಿಜಾನೇ ಇರುತ್ತೆ, ನಮ್ಮ ರಾಜ್ಯದಲ್ಲಿ ಕಾಂಟ್ರಾಕ್ಟರ್‌ಗಳ ಬಿಲ್ ಇಲಾಖೆಲಿ ಬಾಕಿ ಇದೆ ಅಂತ ಅವರ ಸಂಘದವರೇ ಬಹಿರಂಗವಾಗಿ ಹೇಳ್ತಾ ಬಂದಿದ್ದಾರೆ, ಅವರ ಸಂಕಟನೂ ನಂಗೆ ಅರ್ಥ ಆಗುತ್ತೆ. ಆದ್ರೆ ನಿಜಾನಾ ಅಂತ ಪರೀಕ್ಷೆ ಮಾಡದೆ ನಂಬೋದು ಬೇಡ. ನಾನು ಆ ಕೆಲಸ ಕೊಟ್ಟ ಇಲಾಖೆಯ ಡಿವಿಷನ್ ಆಫೀಸಿಗೆ ಆರ್‌ಟಿಐ ಅರ್ಜಿ ಹಾಕ್ದೆ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ಕೇಳಿದ್ದು ಮೂರೇ: ಆ ಕೆಲಸದ ವರ್ಕ್ ಆರ್ಡರ್ ನಕಲು, ಎಂ.ಬಿ. ಪುಸ್ತಕದ (ಮಾಡಿದ ಕೆಲಸದ ಅಳತೆ ಬರೆಯೋ ಪುಸ್ತಕ) ಸಂಬಂಧಪಟ್ಟ ಪುಟಗಳು, ಇಲ್ಲಿವರೆಗೆ ಪಾವತಿ ಆದ ಆರ್‌ಎ ಬಿಲ್‌ಗಳ (ಕೆಲಸ ನಡೀತಿರೋವಾಗ ಹಂತ ಹಂತವಾಗಿ ಆಗೋ ಬಿಲ್) ತಾರೀಕು ಮತ್ತು ಮೊತ್ತ. 30 ದಿನದೊಳಗೆ ಉತ್ತರ ಕೊಡ್ಬೇಕು ಅಂತ ಕಾಯ್ದೆಯಲ್ಲೇ ಇದೆ. ಉತ್ತರ ಬಂದಾಗ ನೋಡಿದ್ರೆ ನಮ್ಮ ಮಷೀನ್ ಓಡಿದ ಅವಧಿಯ ಮಣ್ಣಿನ ಕೆಲಸಕ್ಕೆ ಬಿಲ್ ಆಗಿ ದುಡ್ಡು ಕೂಡ ಹೋಗಿತ್ತು. ಆ ಕಾಗದ ಮುಂದಿಟ್ಟ ಮೇಲೆ ಬಿಲ್ ಆಗಿಲ್ಲ ಅನ್ನೋ ಮಾತು ನಿಂತು.

ಇಲ್ಲಿ ಇನ್ನೊಂದು ಹೇಳ್ಬೇಕು. ಸುಮಾರ್ ಜನ ಸೀದಾ ಇಂಜಿನಿಯರ್ ಹತ್ರ ಹೋಗಿ ಇವರ ಬಿಲ್ ತಡೀರಿ, ಲೈಸೆನ್ಸ್ ಕ್ಯಾನ್ಸಲ್ ಮಾಡಿ ಅಂತಾರೆ. ಇಲಾಖೆಗೂ ನಮಗೂ ಕರಾರಿಲ್ಲ, ಅವರ ಕರಾರು ಕಾಂಟ್ರಾಕ್ಟರ್ ಜೊತೆ, ಹಂಗಾಗಿ ಅಲ್ಲಿ ಕೂಗಾಡಿ ಪ್ರಯೋಜನ ಇಲ್ಲ. ಪೊಲೀಸ್ ಸ್ಟೇಷನ್‌ಗೆ ಹೋದ್ರೂ ಇದು ಸಿವಿಲ್ ಮ್ಯಾಟರ್ ಅಂತ ವಾಪಸ್ ಕಳಿಸ್ತಾರೆ. ಇನ್ನು ಸೈಟಿಗೆ ಹುಡುಗ್ರನ್ನ ಕರ್ಕೊಂಡು ಹೋಗಿ ಅವರ ಟಿಪ್ಪರ್ ಎಳ್ಕೊಂಡು ಬರೋದು ದಯವಿಟ್ಟು ಯಾರೂ ಮಾಡ್ಬೇಡಿ, ದುಡ್ಡು ಬರಬೇಕಾದವನ ಮೇಲೇ ಕೇಸ್ ಬೀಳುತ್ತೆ.

ಬಿಲ್ ಆಗಿಲ್ಲ ಅನ್ನೋದು ಹೋದ ಮೇಲೆ ಗಂಟೆ ಲೆಕ್ಕದ ತಕರಾರು ಬಂತು. ಇಷ್ಟು ಗಂಟೆ ಓಡೇ ಇಲ್ಲ, ಮಧ್ಯ ಬ್ರೇಕ್‌ಡೌನ್ ಆಗಿತ್ತು, ಹೋಸ್ ಪೈಪ್ ಹೋಗಿ ನಿಂತಿತ್ತು, ಮಳೆ ಬಂದಾಗ ಮಷೀನ್ ಸುಮ್ನೆ ನಿಂತಿದ್ದ ಗಂಟೆನೂ ಹಾಕಿದ್ದೀರ ಅಂತ. ಬಾಡಿಗೆ ಜಗಳ ಅಂದ್ರೆ ನೂರಕ್ಕೆ ತೊಂಬತ್ತು ಇಲ್ಲೇ. ಇಲ್ಲಿ ನಮ್ಮ ಕೈ ಹಿಡಿಯೋದು ಲಾಗ್ ಶೀಟ್ ಒಂದೇ. ನಮ್ಮ ಆಪರೇಟರ್ ಪ್ರತಿದಿನ ಮಷೀನ್ ಓಡಿದ ಗಂಟೆ ತೋರಿಸೋ ಅವರ್ ಮೀಟರ್‌ನ ಓಪನಿಂಗ್, ಕ್ಲೋಸಿಂಗ್ ಬರೆದು ಸೈಟ್ ಸೂಪರ್‌ವೈಸರ್ ಸಹಿ ಹಾಕಿಸ್ತಾನೆ, ಬೆಳಿಗ್ಗೆ ಸಂಜೆ ಮೀಟರ್ ಫೋಟೋ ಸೈಟ್ ಗ್ರೂಪಿಗೆ ಹಾಕ್ತಾನೆ. ಸಹಿ ಮಾಡಿದವನ ಹೆಸರು ಬಿಡಿಸಿ ಬರೆಸ್ಬೇಕು, ಬರೀ ಗೀಚಿದ ಸಹಿ ಇದ್ರೆ ನಾಳೆ ಅದ್ಯಾರೋ ನಮ್ಮವನಲ್ಲ ಅಂತಾರೆ.

ಎದುರು ಬದುರು ಕೂತು ಶೀಟ್ ಒಂದೊಂದೇ ತಿರುವಿದ್ವಿ. ನಾನು ಮಾಡಿದ್ದು ಏನಂದ್ರೆ ಒಟ್ಟು ಮೊತ್ತದ ಮೇಲೆ ವಾದಕ್ಕೆ ಇಳೀಲಿಲ್ಲ, ಅವರು ಒಪ್ಪೋ ಗಂಟೆ ಬೇರೆ, ತಕರಾರಿರೋ ಗಂಟೆ ಬೇರೆ ಅಂತ ಎರಡು ಕಾಲಂ ಮಾಡ್ದೆ. ಆಶ್ಚರ್ಯ ಏನಂದ್ರೆ ಅಷ್ಟು ದೊಡ್ಡ ಜಗಳದಲ್ಲಿ ನಿಜವಾಗ್ಲೂ ತಕರಾರಿದ್ದಿದ್ದು ಎಪ್ಪತ್ತು ಸಾವಿರದ ಒಳಗೆ. ಉಳಿದಿದ್ದಕ್ಕೆ ಅವರ ಲೆಟರ್‌ಹೆಡ್‌ನಲ್ಲೇ ಬಾಕಿ ಇಷ್ಟು ಅಂತ ಬರೆಸಿ ಸಹಿ, ಸೀಲು ತಗೊಂಡೆ. ಆ ಒಂದು ಕಾಗದದ ಬೆಲೆ ಏನು ಅಂತ ಕೊನೇಲಿ ಹೇಳ್ತೀನಿ.

ಆಮೇಲೆ ನನ್ನ 26ಎಎಸ್ ತೆಗೆದು ನೋಡ್ದೆ, ಅಂದ್ರೆ ನಮಗೆ ಕೊಡೋ ದುಡ್ಡಲ್ಲಿ ಯಾರ್ಯಾರು ಎಷ್ಟು ತೆರಿಗೆ ಹಿಡಿದು ಕಟ್ಟಿದ್ದಾರೆ ಅಂತ ತೋರಿಸೋ ಇನ್‌ಕಮ್ ಟ್ಯಾಕ್ಸ್ ಪಟ್ಟಿ. ಅವರು ನಮ್ಮ ಬಿಲ್‌ಗಳ ಮೇಲೆ ಟಿಡಿಎಸ್ ಹಿಡಿದು ಕಟ್ಟಿದ್ರು, ತಕರಾರು ಅಂದಿದ್ದ ತಿಂಗಳ ಬಿಲ್ ಕೂಡ ಪೂರ್ತಿ ಮೊತ್ತಕ್ಕೆ ಅದರಲ್ಲಿತ್ತು. ಅಂದ್ರೆ ಅವರ ಪುಸ್ತಕದಲ್ಲಿ ನಮ್ಮ ಬಿಲ್ ಖರ್ಚು ಅಂತ ಎಂಟ್ರಿ ಆಗಿದೆ, ಕೊಡೋವಾಗ ಮಾತ್ರ ಓಡೇ ಇಲ್ಲ. 26ಎಎಸ್ ಒಂದನ್ನೇ ಹಿಡ್ಕೊಂಡು ಸಾಲ ಒಪ್ಪಿದ್ದಾರೆ ಅಂತ ಕೋರ್ಟಿಗೆ ಹೋಗ್ಬೇಡಿ, ಅದು ಯಾವಾಗ್ಲೂ ನಿಲ್ಲಲ್ಲ, ಆದ್ರೆ ಲಾಗ್ ಶೀಟ್ ಜೊತೆ ಇಟ್ರೆ ಎದುರಿನವರು ಮಾತಾಡೋ ಧಾಟಿ ಬದಲಾಗುತ್ತೆ.

ಇಷ್ಟಾದ್ರೂ ಮುಂದಿನ ವಾರ, ಮುಂದಿನ ವಾರ. ಆಗ ನಾನು ಕಾಂಟ್ರಾಕ್ಟರ್‌ಗೆ ಕಾಗದ ಬರೆದು ಒಂದು ಕಾಪಿ ಅವರ ಆಡಿಟರ್‌ಗೂ ಕಳಿಸ್ದೆ, ಬೆದರಿಕೆ ಒಂದಕ್ಷರ ಇಲ್ಲ, ಎರಡೇ ವಿಷಯ. ಒಂದು, ಜಿಎಸ್‌ಟಿ ಕಾಯ್ದೆ ಪ್ರಕಾರ ಬಿಲ್ ತಾರೀಕಿಂದ 180 ದಿನದೊಳಗೆ ಸಪ್ಲೈಯರ್‌ಗೆ ದುಡ್ಡು ಕೊಡದಿದ್ರೆ ಆ ಬಿಲ್ ಮೇಲೆ ತಗೊಂಡ ಇನ್‌ಪುಟ್ ಕ್ರೆಡಿಟ್ (ತಾವು ಕಟ್ಟೋ ಜಿಎಸ್‌ಟಿಯಲ್ಲಿ ಕಳೆದುಕೊಂಡ ಮೊತ್ತ) ಬಡ್ಡಿ ಸಮೇತ ವಾಪಸ್ ಕಟ್ಬೇಕು. ಎರಡು, 2023-24ರಿಂದ ಆಗಿನ ಇನ್‌ಕಮ್ ಟ್ಯಾಕ್ಸ್ ಕಾಯ್ದೆಯಲ್ಲಿ 43ಬಿ(ಎಚ್) ಅನ್ನೋ ಕಲಂ ಬಂದಿತ್ತು, ಮೈಕ್ರೋ ಮತ್ತು ಸ್ಮಾಲ್ ಉದ್ಯಮಕ್ಕೆ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆಯಲ್ಲಿ ಹೇಳಿದ ಗಡುವು ಮೀರಿ ಬಾಕಿ ಇಟ್ರೆ ಆ ಖರ್ಚು ಆ ವರ್ಷ ತೋರಿಸೋಕಾಗಲ್ಲ, ನಿಜವಾಗಿ ಕೊಟ್ಟ ವರ್ಷನೇ ಸಿಗೋದು. ಗಡುವು ಅಂದ್ರೆ ಬರಹದ ಕರಾರು ಇಲ್ಲದಿದ್ರೆ 15 ದಿನ, ಕರಾರಿದ್ರೂ ಹೆಚ್ಚೆಂದ್ರೆ 45 ದಿನ. ನಾನು ಫೋನ್ ಮಾಡಿದ್ರೆ ಎತ್ತದವರು ಆಡಿಟರ್ ಮಾತಿಗೆ ಬೆಲೆ ಕೊಟ್ರು, ಅವರ ಆಫೀಸಿಂದಾನೇ ನಂಗೆ ಲೆಡ್ಜರ್ ಕಳಿಸಿ ಅಂತ ಕಾಲ್ ಬಂತು. ನನ್ನ ಅಭಿಪ್ರಾಯದಲ್ಲಿ ವಕೀಲರ ನೋಟಿಸ್‌ಗಿಂತ ಮೊದಲು ಹೋಗಬೇಕಾದ ಕಾಗದ ಇದು.

ಅದೇ ಹೊತ್ತಿಗೆ ಸಣ್ಣ ಉದ್ಯಮಗಳ ಬಾಕಿ ದೂರಿಗೆ ಅಂತ ಆಗ ಇದ್ದ ಕೇಂದ್ರ ಸರ್ಕಾರದ ಎಂಎಸ್‌ಎಂಇ ಸಮಾಧಾನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದೆ. ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸೋ ನೋಂದಣಿ) ಇರೋ ಮೈಕ್ರೋ, ಸ್ಮಾಲ್ ಉದ್ಯಮದವರು ಇಂಥ ಅರ್ಜಿ ಹಾಕ್ಬಹುದು, ಆದ್ರೆ ಮಷೀನ್ ಕಳಿಸೋಕೆ ಮುಂಚೆನೇ ರಿಜಿಸ್ಟ್ರೇಷನ್ ಇರ್ಬೇಕು, ಆಮೇಲೆ ಮಾಡಿಸಿದ್ದು ಹಿಂದಿನ ಬಿಲ್‌ಗೆ ಉಪಯೋಗಕ್ಕೆ ಬರಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನೂ ಮಾಡಿಸದವರು ಇವತ್ತೇ ಮಾಡಿಸಿ, ಫೀಸ್ ಇಲ್ಲ, ಏಜೆಂಟ್‌ಗೆ ದುಡ್ಡು ಕೊಡೋದೂ ಬೇಡ, ಗೊತ್ತಾಗದಿದ್ರೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಕೇಳಿ. ಪಾರ್ಟಿ ಬೇರೆ ಜಿಲ್ಲೆ, ಬೇರೆ ರಾಜ್ಯದವರಾದ್ರೂ ಕೇಸ್ ನಡೆಯೋದು ನಮ್ಮ ಕಡೆಯ ಕೌನ್ಸಿಲ್‌ನಲ್ಲೇ (ಇಂಥ ಬಾಕಿ ಕೇಸ್ ಕೇಳೋಕೆ ಸರ್ಕಾರ ಮಾಡಿದ ಮಂಡಳಿ), ಇದು ಸಣ್ಣವರಿಗೆ ತುಂಬಾ ದೊಡ್ಡ ಅನುಕೂಲ. ಬಿಲ್ ಬರೆಯೋವಾಗ ಮಷೀನ್ ಬಾಡಿಗೆ, ಇಷ್ಟು ಗಂಟೆ ಅಂತಲೇ ಬರೀರಿ. ಕ್ಯೂಬಿಕ್ ಮೀಟರ್ ಲೆಕ್ಕದಲ್ಲಿ ಕೆಲಸನೇ ಗುತ್ತಿಗೆ ಹಿಡಿದ ಹಾಗೆ ಬರೆದ್ರೆ ಇದು ವರ್ಕ್ಸ್ ಕಾಂಟ್ರಾಕ್ಟ್, ಎಂಎಸ್‌ಎಂಇ ಕಾಯ್ದೆ ಬರಲ್ಲ ಅಂತ ಎದುರಿನ ವಕೀಲರು ವಾದ ಎತ್ತುತ್ತಾರೆ.

ಕೌನ್ಸಿಲ್ ಮೊದಲು ರಾಜಿ ಮಾಡಿಸೋಕೆ ನೋಡುತ್ತೆ, ಆಗದಿದ್ರೆ ಆರ್ಬಿಟ್ರೇಷನ್, ಅಂದ್ರೆ ಎರಡೂ ಕಡೆ ಕೇಳಿ ತೀರ್ಪು ಕೊಡೋದು. 90 ದಿನ ಅಂತ ಕಾಯ್ದೆಯಲ್ಲಿದೆ, ವಾಸ್ತವದಲ್ಲಿ ಜಾಸ್ತಿನೇ ಹಿಡಿಯುತ್ತೆ, ಅದಕ್ಕೆ ಸಿದ್ಧವಾಗಿರಿ. ಆದ್ರೆ ಎದುರಿನವರನ್ನ ಟೇಬಲ್‌ಗೆ ತರೋದು ಬಡ್ಡಿ ಲೆಕ್ಕ. ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟ್‌ನ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಆಗ ಬ್ಯಾಂಕ್ ರೇಟ್ 6.75 ಇತ್ತು, ಅಂದ್ರೆ ವರ್ಷಕ್ಕೆ ಶೇ 20.25. ಕೌನ್ಸಿಲ್ ಆದೇಶ ಬಂದ ಮೇಲೆ ಅದರ ವಿರುದ್ಧ ಕೋರ್ಟಿಗೆ ಹೋಗ್ಬೇಕಂದ್ರೆ ಶೇ 75 ಮೊದಲೇ ಡೆಪಾಸಿಟ್ ಇಡ್ಬೇಕು.

ರಾಜಿ ಮಾತುಕತೆಯಲ್ಲಿ ನಾನು ಬಡ್ಡಿ ಬಿಟ್ಟೆ, ತಕರಾರಿದ್ದ ಗಂಟೆಗಳಲ್ಲಿ ಅರ್ಧ ಬಿಟ್ಟೆ. ಉಳಿದ ಅಸಲು ಮತ್ತು ಅದರ ಜಿಎಸ್‌ಟಿ ಪೂರ್ತಿ, ಕಂತಲ್ಲಿ, ಚೆಕ್ ಮುಂಗಡ. ಬಡ್ಡಿ ಬಿಟ್ಟಿದ್ದಕ್ಕೆ ಕೆಲವರು ಬೈದ್ರು, ಆದ್ರೆ ಇಎಂಐ ಕಟ್ಟೋ ನಂಗೆ ಎರಡು ವರ್ಷದ ಮೇಲೆ ಬರೋ ಬಡ್ಡಿಗಿಂತ ಈಗ ಬರೋ ಅಸಲು ಮುಖ್ಯ ಆಗಿತ್ತು. ಒಂದು ಷರತ್ತು ಮಾತ್ರ ಸಡಿಲ ಮಾಡ್ಲಿಲ್ಲ: ಕೊನೇ ಚೆಕ್ ಪಾಸಾದ ಮೇಲೆನೇ ಅರ್ಜಿ ವಾಪಸ್. ಮಧ್ಯ ಒಂದು ಚೆಕ್ ಬೌನ್ಸ್ ಆಯ್ತು, ಬ್ಯಾಂಕ್ ಮೆಮೋ ಬಂದ 30 ದಿನದೊಳಗೆ ನೋಟಿಸ್ ಹೋಗ್ಬೇಕು, ತಲುಪಿದ ಮೇಲೆ ಅವರಿಗೆ 15 ದಿನ ಟೈಮ್, ಕೊಡದಿದ್ರೆ ಅಲ್ಲಿಂದ ಒಂದು ತಿಂಗಳೊಳಗೆ ಕೇಸ್. ತಾರೀಕು ತಪ್ಪದ ಹಾಗೆ ವಕೀಲರ ಕೈಲಿ ನೋಟಿಸ್ ಕಳಿಸಿದ್ದಕ್ಕೆ ಆ 15 ದಿನದೊಳಗೆ ಆರ್‌ಟಿಜಿಎಸ್ ಬಂತು.

ಈಗ ಆ ಲೆಟರ್‌ಹೆಡ್ ಕಾಗದದ ವಿಷಯ. ಬಾಕಿ ವಸೂಲಿಗೆ ಕೋರ್ಟಿಗೆ ಹೋಗೋಕೆ ಮೂರು ವರ್ಷ ಮಾತ್ರ ಅವಕಾಶ. ಆ ಮೂರು ವರ್ಷದ ಒಳಗೆ ಬಾಕಿ ಇದೆ ಅಂತ ಸಹಿ ಹಾಕಿದ ಬರಹ ಸಿಕ್ಕಿದ್ರೆ ಅವತ್ತಿಂದ ಹೊಸದಾಗಿ ಮೂರು ವರ್ಷ ಲೆಕ್ಕ ಶುರು, ಅವಧಿ ಮುಗಿದ ಮೇಲೆ ಬರೆಸ್ಕೊಂಡ್ರೆ ಈ ಅನುಕೂಲ ಸಿಗಲ್ಲ. ಹಳೇ ಪರಿಚಯ, ಕೊಡ್ತಾರೆ ಬಿಡು ಅಂತ ಕಾದು ಈ ಗಡುವು ದಾಟಿಸಿದವರು ನಮ್ಮ ಲೈನಲ್ಲಿ ಎಷ್ಟೋ ಜನ ಇದ್ದಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ನಿಮ್ಮ ಹತ್ರ ಹಳೇ ಬಾಕಿ ಇದ್ರೆ ಮೊದಲು ಬಿಲ್ ತಾರೀಕು ನೋಡಿ, ಮೂರು ವರ್ಷ ಹತ್ರ ಬಂದಿದ್ರೆ ಉಳಿದಿದ್ದೆಲ್ಲ ಆಮೇಲೆ, ಈ ವಾರನೇ ಹೋಗಿ ಬಾಕಿ ಪತ್ರಕ್ಕೆ ಸಹಿ ಹಾಕಿಸ್ಕೊಳ್ಳಿ, ಹಾಕಲ್ಲ ಅಂದ್ರೆ ಅಲ್ಲಿಂದ ಸೀದಾ ವಕೀಲರ ಆಫೀಸಿಗೆ ಹೋಗಿ.